ಮೊರಾಕ್ಕೊ: ಸ್ವಂತ ಗಾಡಿ, ಗೈಡ್ ಇಟ್ಟುಕೊಂಡು 14 ರಾತ್ರಿಯ ಪ್ರವಾಸ ಹಾಕಿಕೊಳ್ಳುವುದು ಹೇಗೆ

ಫೆಸ್ ಊರಿನಿಂದ ಮೆರ್ಜೂಗದ ಮರಳುಗಾಡಿಗೆ ಸುಮಾರು 470 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಗೋಕರ್ಣದಷ್ಟು. ನಡುವೆ ಅಟ್ಲಾಸ್ ಬೆಟ್ಟ ಹತ್ತಿ ಇಳಿಯಬೇಕು. ಟೂರ್ ಕಂಪನಿಗಳ ಪ್ಲಾನ್ ತೆರೆದು ನೋಡಿ, ಬಹಳಷ್ಟರಲ್ಲಿ ಇದನ್ನು ಒಂದೇ ದಿನಕ್ಕೆ ಬರೆದಿರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಹೊರಡು, ಸಂಜೆ ಐದಕ್ಕೆ ಇಳಿ, ಬ್ಯಾಗ್ ಬಿಸಾಕಿ ಒಂಟೆ ಹತ್ತು, ಸೂರ್ಯಾಸ್ತ ನೋಡು, ಉಣ್ಣು, ಮಲಗು. ಬೆಳಗಿನ ಜಾವ ಎದ್ದು ಮತ್ತೆ ಗಾಡಿ.

ಯಾರು ಯಾವ ಪ್ಲಾನ್ ಕಳಿಸಿದರೂ ಮೊದಲು ಈ ಒಂದು ದಿನವನ್ನು ಹುಡುಕಿ. ಅದನ್ನು ಎರಡಾಗಿ ಒಡೆಯಿರಿ. ಪ್ರೈವೇಟ್ ಟೂರ್‌ಗೆ ಜಾಸ್ತಿ ದುಡ್ಡು ಕೊಡುವುದೇ "ಇಲ್ಲಿ ನಿಲ್ಲಿಸಪ್ಪ" ಅನ್ನುವುದಕ್ಕೆ. ಬಸ್ಸಿನ ಗುಂಪಿನ ಹಾಗೆಯೇ ಓಡುವುದಾದರೆ ಬಸ್ಸಿನಲ್ಲೇ ಹೋಗಬಹುದು, ಅಲ್ವಾ?

ನಾವು ಹೋದದ್ದು 2024ರ ಅಕ್ಟೋಬರ್‌ನಲ್ಲಿ, ನಾಲ್ಕು ಜನ. ನಾನು, ನಮ್ಮ ಮನೆಯವರು, ನನ್ನ ಅಕ್ಕ, ಮತ್ತು ನಮ್ಮ ಅತ್ತೆ. ಅತ್ತೆಗೆ 68, ಮಂಡಿನೋವು, ಶುದ್ಧ ಸಸ್ಯಾಹಾರಿ, ಮೆಣಸಿನಪುಡಿಯ ಡಬ್ಬಿ ಇಲ್ಲದೆ ಶಿವಮೊಗ್ಗ ದಾಟುವವರಲ್ಲ. ಅವರಿಗೆ ಹೊಂದುವಂತೆ ಹಾಕಿಕೊಂಡ ಪ್ಲಾನ್ ಆದ್ದರಿಂದ ನಿಮಗೂ ಹೊಂದೀತು ಅಂತ ಬರೆಯುತ್ತಿದ್ದೇನೆ.

ಮೊದಲು ತಿಂಗಳು ನಿಗದಿ ಮಾಡಿ

ಮಾರ್ಚ್ ಮಧ್ಯದಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯ. ಜುಲೈ-ಆಗಸ್ಟ್‌ನಲ್ಲಿ ಮರಳುಗಾಡಿನ ಕಡೆ 45 ಡಿಗ್ರಿ ಮುಟ್ಟುತ್ತದೆ. ಬಿಸಿಲು ನಮಗೆ ಹೊಸದಲ್ಲ ಅಂತ ರಾಯಚೂರಿನವರು ಹೇಳಬಹುದು. ಆದರೆ ರಾಯಚೂರಿನಲ್ಲಿ ಮಧ್ಯಾಹ್ನ ಯಾರೂ ಒಂಟೆ ಹತ್ತುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಮರಳಿನ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಹೋಗುತ್ತದೆ, ಹಿಮ ಬಿದ್ದರೆ ಬೆಟ್ಟದ ರಸ್ತೆ ಮುಚ್ಚುವುದೂ ಉಂಟು.

ರಂಜಾನ್ ತಿಂಗಳನ್ನೂ ನೋಡಿಕೊಳ್ಳಿ. 2027ರಲ್ಲಿ ಅದು ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶುರುವಾಗುತ್ತದೆ. ಆಗ ಹೋಗಬಾರದು ಅಂತಲ್ಲ. ಆದರೆ ಹಗಲಲ್ಲಿ ಸಣ್ಣ ಊರುಗಳ ಹೋಟೆಲ್ ಮುಚ್ಚಿರುತ್ತವೆ, ಡ್ರೈವರ್ ಉಪವಾಸ ಇರುತ್ತಾನೆ, ಸಂಜೆ ಉಪವಾಸ ಬಿಡುವ ಹೊತ್ತಿಗೆ ರಸ್ತೆಯೆಲ್ಲ ಖಾಲಿ. ಉದ್ದದ ದಿನಗಳು ಆಗ ಕಷ್ಟ.

ನಕ್ಷೆ ಮುಂದಿಟ್ಟುಕೊಂಡು ರಾತ್ರಿಗಳನ್ನು ಹಂಚಿ

ಎಷ್ಟು ಊರು ನೋಡಬೇಕು ಅಂತ ಎಣಿಸಬೇಡಿ. ಎಲ್ಲಿ ಎಷ್ಟು ರಾತ್ರಿ ಅಂತ ಎಣಿಸಿ. ನಮ್ಮ ಲೆಕ್ಕ ಹೀಗಿತ್ತು: ರಬಾತ್ 1, ಶೆಫ್‌ಶಾವೆನ್ 2, ಫೆಸ್ 2, ಮಿದೆಲ್ತ್ 1, ಮೆರ್ಜೂಗ 2, ದಾದೆಸ್ ಕಣಿವೆ 1, ಐತ್ ಬೆನ್‌ಹದ್ದು 1, ಮರಾಕೇಶ್ 2, ಎಸವೀರಾ 2. ಒಟ್ಟು 14. ವಿಮಾನದ ದಿನ ಸೇರಿ 16 ರಜೆ.

ಹನ್ನೊಂದೇ ರಾತ್ರಿ ಇದ್ದರೆ ಶೆಫ್‌ಶಾವೆನ್ ಬಿಡಿ. ನೀಲಿ ಬಣ್ಣದ ಗೋಡೆಗಳ ಆ ಊರು ಚೆಂದವೇ. 1471ರಲ್ಲಿ ಕಟ್ಟಿದ್ದು, ರಿಫ್ ಬೆಟ್ಟದ ಮಡಿಲಲ್ಲಿದೆ. ಆದರೆ ಅದೊಂದಕ್ಕಾಗಿ ಉತ್ತರಕ್ಕೆ ಸುತ್ತು ಹೊಡೆಯಬೇಕು. ಫೋಟೊ ತೆಗೆಯುವ ಹುಚ್ಚಿಲ್ಲದಿದ್ದರೆ ಅರ್ಧ ದಿನಕ್ಕೆ ಮುಗಿದುಹೋಗುತ್ತದೆ. ಒಂದು ರಾತ್ರಿ ಎಸವೀರಾದಿಂದಲೂ ಕಡಿಮೆ ಮಾಡಿ. ಮಿದೆಲ್ತ್‌ನ ಒಂದು ರಾತ್ರಿಯನ್ನು ಮಾತ್ರ ಬಿಡಬೇಡಿ. ಫೆಸ್-ಮೆರ್ಜೂಗದ ಆ ದೊಡ್ಡ ದಿನವನ್ನು ಒಡೆಯುವ ಬೆಣೆ ಅದೇ.

ನಮ್ಮೂರಿನಿಂದ ನೇರ ವಿಮಾನ ಇಲ್ಲ. ದುಬೈ, ದೋಹಾ ಅಥವಾ ಅಬುಧಾಬಿಯಲ್ಲಿ ಬದಲಿಸಿ ಕಾಸಾಬ್ಲಾಂಕಾಕ್ಕೆ ಹೋಗಬೇಕು. ಇಳಿದ ರಾತ್ರಿ ಕಾಸಾಬ್ಲಾಂಕಾದಲ್ಲಿ ಉಳಿಯುವ ಅಗತ್ಯ ಇಲ್ಲ. ರಬಾತ್ 90 ಕಿಲೋಮೀಟರ್ ಅಷ್ಟೆ, ಶಾಂತ ಊರು, ನಿದ್ದೆ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಸುಲ್ತಾನ ಯಾಕೂಬ್ ಅಲ್ ಮನ್ಸೂರ್ ಕಟ್ಟಿಸುತ್ತಿದ್ದ ಹಸನ್ ಗೋಪುರ ನೋಡಬಹುದು. 1199ರಲ್ಲಿ ಅವನು ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಇವತ್ತಿಗೂ ಹಾಗೇ ಅರ್ಧಕ್ಕೆ ನಿಂತಿದೆ.

ಡ್ರೈವರ್ ಬೇರೆ, ಗೈಡ್ ಬೇರೆ

ಇದು ಗೊತ್ತಿಲ್ಲದೆ ಹೋದವರು ಮೊದಲ ದಿನವೇ ಮುಖ ಊದಿಸಿಕೊಳ್ಳುತ್ತಾರೆ. ಮೊರಾಕ್ಕೊದಲ್ಲಿ ಗೈಡ್ ಆಗುವುದಕ್ಕೆ ಸರ್ಕಾರದ ಪರವಾನಗಿ ಬೇಕು, ಕೊರಳಲ್ಲಿ ಬ್ಯಾಡ್ಜ್ ಇರುತ್ತದೆ. ನಿಮ್ಮ ಜೊತೆ 14 ದಿನ ಇರುವ ಮನುಷ್ಯ ಸಾಮಾನ್ಯವಾಗಿ ಡ್ರೈವರ್ ಮಾತ್ರ. ದಾರಿಯುದ್ದಕ್ಕೂ ಕಥೆ ಹೇಳುತ್ತಾನೆ, ಇಂಗ್ಲಿಷ್ ಚೆನ್ನಾಗಿರುತ್ತದೆ. ಆದರೆ ಹಳೇ ಊರಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿ "ಇನ್ನು ನೀವು ಹೋಗಿಬನ್ನಿ" ಅನ್ನುತ್ತಾನೆ. ಒಳಗೆ ಗೈಡ್ ಕೆಲಸ ಮಾಡಿದರೆ ಅವನಿಗೆ ದಂಡ ಬೀಳಬಹುದು.

ಹಾಗಾಗಿ ಮೂರು ಊರಿಗೆ ಸ್ಥಳೀಯ ಗೈಡ್ ಬೇಕು ಅಂತ ಮೊದಲೇ ಹೇಳಿ: ಫೆಸ್‌ಗೆ ಇಡೀ ದಿನ, ಮರಾಕೇಶ್‌ಗೆ ಅರ್ಧ ದಿನ, ವೊಲುಬಿಲಿಸ್‌ನ ರೋಮನ್ ಅವಶೇಷಗಳಿಗೆ ಒಂದು ಗಂಟೆ. ಉಳಿದ ಕಡೆ ಗೈಡ್ ಇಲ್ಲದಿದ್ದರೂ ನಡೆಯುತ್ತದೆ.

ಗಾಡಿಗೂ ಟೂರಿಸ್ಟ್ ಪರ್ಮಿಟ್ ಇರಬೇಕು, ನಮ್ಮ ಹಳದಿ ಬೋರ್ಡಿನ ಹಾಗೆ. ದಾರಿಯಲ್ಲಿ ಪೊಲೀಸ್ ತಪಾಸಣೆ ಜಾಸ್ತಿ. ಪರ್ಮಿಟ್ ಇಲ್ಲದ ಗಾಡಿ ಅಗ್ಗಕ್ಕೆ ಸಿಗುತ್ತದೆ, ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಇಡೀ ದಿನ ಹಾಳು.

ಮೂರು ಕಂಪನಿಗಳಿಗಾದರೂ ಬರೆದು ದರ ಕೇಳಿ. ಗಾಡಿಯ ಬಾಡಿಗೆ ತಲೆಲೆಕ್ಕದ್ದಲ್ಲ, ಇಡೀ ಗಾಡಿಗೆ. ಇಬ್ಬರು ಹೋದರೂ ನಾಲ್ವರು ಹೋದರೂ ಡೀಸೆಲ್, ಡ್ರೈವರ್ ಖರ್ಚು ಅಷ್ಟೇ. ಅದಕ್ಕೇ ನಾಲ್ಕು ಜನ ಸೇರಿದರೆ ಪ್ರೈವೇಟ್ ಟೂರ್ ಕೈಗೆಟಕುತ್ತದೆ. ಉತ್ತರ ಬಂದಾಗ ಮೊತ್ತಕ್ಕಿಂತ ಮೊದಲು ಅವರು ಏನನ್ನು ಬರೆದಿಲ್ಲ ಅಂತ ನೋಡಿ. ಮಧ್ಯಾಹ್ನದ ಊಟ ಬಹಳಷ್ಟು ಪ್ಯಾಕೇಜಿನಲ್ಲಿ ಇರುವುದಿಲ್ಲ. ಸ್ಮಾರಕಗಳ ಟಿಕೆಟ್ ಬೇರೆ, ಟಿಪ್ಸ್ ಬೇರೆ. ಮುಂಗಡ ಅಂತ 20-30 ಪರ್ಸೆಂಟ್ ಕೇಳುವುದು ಸಾಮಾನ್ಯ. ಪೂರ್ತಿ ಹಣ ಮೊದಲೇ ಕೇಳಿದರೆ ನಾನಂತೂ ಮುಂದಕ್ಕೆ ಹೋಗುವುದಿಲ್ಲ. ಇಲ್ಲಿನ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವವರೇ ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕೂಡ ಕಟ್ಟಬೇಕಾಗುತ್ತದೆ. ರಿಟರ್ನ್ಸ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಕೈಬಿಟ್ಟಂತೆಯೇ.

ಮೇಲ್‌ನಲ್ಲಿ ನಾನು ಬರೆದ ಷರತ್ತುಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದವು ನಾಲ್ಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಪ್ರಯಾಣ ಬೇಡ. ವಯಸ್ಸಾದವರಿಗೆ ಎಲ್ಲ ಊರಿನಲ್ಲೂ ನೆಲಮಹಡಿಯ ರೂಮು. ಮರಳುಗಾಡಿನ ಕ್ಯಾಂಪಿಗೆ ಒಂಟೆಯ ಬದಲು ಜೀಪಿನಲ್ಲಿ ಹೋಗುವ ಅವಕಾಶ. ಅಂಗಡಿಗಳಿಗೆ ಕರೆದೊಯ್ಯಬಾರದು.

ನೆಲಮಹಡಿ ಯಾಕೆ ಅಂತೀರಾ? ಹಳೇ ಊರಿನಲ್ಲಿ ಉಳಿಯುವುದು ರಿಯಾದ್ ಅನ್ನುವ ಮನೆಗಳಲ್ಲಿ. ನಮ್ಮ ತೊಟ್ಟಿಮನೆಯ ಹಾಗೆಯೇ: ನಡುವೆ ಆಕಾಶಕ್ಕೆ ತೆರೆದ ಅಂಗಳ, ಕಾರಂಜಿ, ಸುತ್ತ ಕೋಣೆಗಳು. ಹೊರಗೆ ಮಾತ್ರ ಬೋಳು ಗೋಡೆ, ಒಂದು ಬಾಗಿಲು. ಲಿಫ್ಟ್ ಇರುವುದಿಲ್ಲ. ಮೆಟ್ಟಿಲು ಕಡಿದಾಗಿ, ಒಂದೊಂದೂ ಒಂದೊಂದು ಎತ್ತರ. ಅತ್ತೆ ಮೊದಲ ರಿಯಾದ್‌ಗೆ ಕಾಲಿಟ್ಟವರೇ ಕಂಬಕ್ಕೆ ಒರಗಿ ಕೂತು, "ಇದು ನನ್ನ ತವರುಮನೆ ಕಣೇ. ಒಂದು ತುಳಸಿಕಟ್ಟೆ ಇಲ್ಲ, ಅಷ್ಟೆ" ಅಂದರು.

ಅಂಗಡಿ ಬೇಡ ಅಂತ ಬರೆದಿದ್ದರೂ ಒಂದು ಊರಿನಲ್ಲಿ ಗೈಡ್ ನಮ್ಮನ್ನು "ನೇಯ್ಗೆ ನೋಡಿ" ಅಂತ ಕರೆದೊಯ್ದ. ಬಾಗಿಲು ಮುಚ್ಚಿತು, ಚಹಾ ಬಂತು, ಒಂದರ ಮೇಲೊಂದು ಜಮಖಾನ ಬಿಚ್ಚತೊಡಗಿದರು. ಮೂವತ್ತೋ ನಲವತ್ತೋ ಆದಮೇಲೆ ಎಣಿಕೆ ಬಿಟ್ಟೆ. ಒಂದು ಗಂಟೆ ಹೋಯಿತು. ಇಲ್ಲಿ ನಮ್ಮ ಸಂಕೋಚವೇ ಅವರ ಬಂಡವಾಳ. ಎರಡನೇ ಜಮಖಾನಕ್ಕೇ ಎದ್ದು ನಿಂತು "ಲಾ, ಶುಕ್ರನ್" ಅನ್ನಿ. ಬೇಡ, ಥ್ಯಾಂಕ್ಸ್ ಅಂತ ಅರ್ಥ. ಕುಡಿದ ಚಹಾಕ್ಕೆ ಋಣವೇನೂ ಇಲ್ಲ.

ವೀಸಾ, ದುಡ್ಡು

ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಕಡಿಮೆ. ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು, ಮೊರಾಕ್ಕೊ ಸರ್ಕಾರದ ಇ-ವೀಸಾ ವ್ಯವಸ್ಥೆ ಇದೆ. ಸರ್ಕಾರದ ಅಧಿಕೃತ ಸೈಟ್‌ನಲ್ಲೇ ಹಾಕಿ. ಹುಡುಕಿದರೆ ಅದೇ ಥರ ಕಾಣುವ ದಲ್ಲಾಳಿ ಸೈಟ್‌ಗಳೇ ಮೇಲೆ ಬರುತ್ತವೆ. ಮೂರು ವಾರ ಮೊದಲೇ ಹಾಕಿ, ಎರಡು ಪ್ರಿಂಟ್ ಇಟ್ಟುಕೊಳ್ಳಿ.

ಮೊರಾಕ್ಕೊದ ದಿರ್ಹಮ್ ಇಲ್ಲಿ ಸಿಗುವುದಿಲ್ಲ. ಯೂರೋ ಒಯ್ದು ಅಲ್ಲಿ ಬದಲಿಸಬೇಕು, ಅಥವಾ ಎಟಿಎಂ. ಒಂದು ದಿರ್ಹಮ್ ಅಂದರೆ ಹೆಚ್ಚುಕಡಿಮೆ 9-10 ರೂಪಾಯಿ. ಮರಳುಗಾಡಿನ ಕಡೆ ಹೊರಡುವ ಮೊದಲು ಫೆಸ್‌ನಲ್ಲೇ ಸಾಕಷ್ಟು ನಗದು ತೆಗೆದುಕೊಳ್ಳಿ. ಹತ್ತು-ಇಪ್ಪತ್ತರ ಚಿಲ್ಲರೆ ಬಂಗಾರಕ್ಕೆ ಸಮ: ಟಾಯ್ಲೆಟ್‌ಗೆ, ಗಾಡಿ ಕಾಯುವವನಿಗೆ, ಬ್ಯಾಗ್ ಎಳೆದುಕೊಡುವ ಹುಡುಗನಿಗೆ. ಇನ್ನೊಂದು ಮಾತು. ಡ್ರೋನ್ ಒಯ್ಯಬೇಡಿ. ಏರ್‌ಪೋರ್ಟ್‌ನಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ.

ಊಟದ ಮಾತು

ಮಾಂಸ ತಿನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ನಿಮಗೆ ಅಲ್ಲಿ ಸ್ವರ್ಗ.

ಸಸ್ಯಾಹಾರಿಗಳಿಗೆ ತೊಂದರೆ ಎಲ್ಲಿ ಅಂದರೆ, "ವೆಜಿಟೇರಿಯನ್" ಅಂದಾಗ ಅಡುಗೆಯವನು ಮಾಂಸದ ತುಂಡು ತೆಗೆದು ತರಕಾರಿ ಬಡಿಸುತ್ತಾನೆ. ರಸ ಅದೇ. ಏಳು ತರಕಾರಿಯ ಕುಸ್‌ಕುಸ್ (ಗೋಧಿರವೆಯ ಉಪ್ಪಿಟ್ಟಿನಂಥದ್ದು) ಹೆಸರು ಕೇಳಿ ಖುಷಿಪಡಬೇಡಿ, ಅದನ್ನು ಬಹಳ ಸಲ ಮಾಂಸದ ಸಾರಿನಲ್ಲೇ ಬೇಯಿಸುತ್ತಾರೆ. ಹರೀರಾ ಸೂಪಿಗೂ ಇದೇ ಕಥೆ. ಅದಕ್ಕೆ ಇಷ್ಟು ಬಾಯಿಪಾಠ ಮಾಡಿ: "ಬ್ಲಾ ಲ್ಹಮ್, ಬ್ಲಾ ದ್ಜಾಜ್, ಬ್ಲಾ ಹೂತ್." ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಸಾರೂ ಬೇಡ ಅನ್ನುವುದನ್ನು ಡ್ರೈವರ್ ಕೈಲಿ ಹೇಳಿಸಿ, ಅದೂ ಮುಂಚಿನ ದಿನವೇ ಫೋನ್ ಮಾಡಿಸಿ. ತಜೀನ್ ಅನ್ನುವುದು ಗೋಪುರದ ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯುವ ಅಡುಗೆ. ನೀವು ಬಂದಮೇಲೆ ಹೇಳಿದರೆ ಹೊಸದಾಗಿ ಬೇಯಿಸಲು ಅವರಿಗೆ ಒಂದು ಗಂಟೆಯಾದರೂ ಬೇಕು.

ನಂಬಿ ತಿನ್ನಬಹುದಾದವೂ ಬೇಕಾದಷ್ಟಿವೆ. ಜಾಲೂಕ್ ಅಂದರೆ ಸುಟ್ಟ ಬದನೆಕಾಯಿ, ಟೊಮೆಟೊ, ಬೆಳ್ಳುಳ್ಳಿ. ನಮ್ಮ ಬದನೆಕಾಯಿ ಗೊಜ್ಜಿನ ದಾಯಾದಿ. ಬಿಳಿ ಬೀನ್ಸ್ ಕಾಳಿನ ಲೂಬಿಯಾ, ಮಸೂರದ ಅದಸ್, ಒಣ ಅವರೆಬೇಳೆಯನ್ನು ನೆನಪಿಸುವ ಬಿಸ್ಸಾರಾ ಇವೆಲ್ಲ ದಾರಿಬದಿಯ ಹೋಟೆಲಿನಲ್ಲಿ ಸಿಗುತ್ತವೆ. ಇವಕ್ಕೂ ಒಮ್ಮೆ ಕೇಳಿಕೊಂಡೇ ತಿನ್ನಿ. ಬೆಳಗಿನ ತಿಂಡಿಗೆ ಬಘ್ರೀರ್ ಕೇಳಿ. ರವೆಯ ಹಿಟ್ಟನ್ನು ಹುಳಿಬರಿಸಿ ಒಂದೇ ಮಗ್ಗುಲು ಬೇಯಿಸಿದ್ದು, ಮೇಲೆಲ್ಲ ಸಣ್ಣ ತೂತು, ಬೆಣ್ಣೆ-ಜೇನು ಸುರಿಯುತ್ತಾರೆ. ಅತ್ತೆ ಒಂದು ತುಂಡು ಮುರಿದು ಬೆಳಕಿಗೆ ಹಿಡಿದು ನೋಡಿ "ಸೆಟ್ ದೋಸೆ" ಅಂತ ತೀರ್ಪು ಕೊಟ್ಟರು. ಆಮೇಲೆ ಜೇನಿನ ಜಾಗಕ್ಕೆ ಅವರ ಮೆಣಸಿನಪುಡಿ ಬಂತು.

ಫೆಸ್: ಕಳೆದುಹೋಗಲಿಕ್ಕೆ ಒಂದು ದಿನ

ಶೆಫ್‌ಶಾವೆನ್‌ನಿಂದ ಇಳಿಯುವ ದಾರಿಯಲ್ಲಿ ವೊಲುಬಿಲಿಸ್ ನೋಡಿಕೊಂಡು ಬನ್ನಿ. ಗೋಧಿಹೊಲಗಳ ನಡುವೆ ರೋಮನ್ ಪಟ್ಟಣದ ಕಂಬಗಳು, ಕಂಬದ ತುದಿಯಲ್ಲಿ ಕೊಕ್ಕರೆ ಗೂಡು, ನೆಲದಲ್ಲಿ ಬಣ್ಣದ ಕಲ್ಲಿನ ಚಿತ್ರಗಳು. ನೆರಳಿಲ್ಲ, ಟೋಪಿ ಮರೆಯಬೇಡಿ.

ಫೆಸ್‌ನ ಹಳೇ ಊರಿನಲ್ಲಿ ಗಾಡಿ ಓಡುವುದಿಲ್ಲ. ಸಾವಿರಾರು ಓಣಿಗಳು, ಕೆಲವು ಕಡೆ ಭುಜ ಎರಡೂ ಗೋಡೆಗೆ ತಾಗುತ್ತದೆ. 1981ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು. ನಿಮ್ಮ ಬ್ಯಾಗನ್ನು ತಳ್ಳುಗಾಡಿಯವನು ಒಯ್ಯುತ್ತಾನೆ, ನೀವು ಹಿಂದೆ ಓಡಬೇಕು. ಹಿಂದಿನಿಂದ "ಬಾಲಾಕ್! ಬಾಲಾಕ್!" ಅಂತ ಕೇಳಿದರೆ ಯೋಚಿಸಬೇಡಿ, ಗೋಡೆಗೆ ಅಂಟಿಕೊಳ್ಳಿ. ದಾರಿಬಿಡಿ ಅಂತ ಅರ್ಥ. ಕತ್ತೆ ಬರುತ್ತಿದೆ, ಅದರ ಮೇಲೆ ಗ್ಯಾಸ್ ಸಿಲಿಂಡರೋ ಹಸಿ ಚರ್ಮವೋ ಇರುತ್ತದೆ, ಅದಕ್ಕೆ ಬ್ರೇಕ್ ಇಲ್ಲ.

ಇಲ್ಲಿ ಗೈಡ್ ಬೇಕೇ ಬೇಕು. ಮ್ಯಾಪ್ ನಂಬಿದರೆ ನೀಲಿ ಚುಕ್ಕೆ ಪಕ್ಕದ ಓಣಿಗೆ ಹಾರಿ ಕೂರುತ್ತದೆ. ಹಿಂದಿನ ಸಂಜೆ ನಾವೇ ಸುಮ್ನೆ ಹೊರಟಾಗ ಒಬ್ಬ ಹುಡುಗ "ಆ ದಾರಿ ಮುಚ್ಚಿದೆ" ಅಂದ. ಮುಚ್ಚಿರಲಿಲ್ಲ. ಅವನ ಹಿಂದೆ ಹೋಗಿ ಚರ್ಮದ ಅಂಗಡಿ ತಲುಪಿ 50 ದಿರ್ಹಮ್ ಕೊಟ್ಟು ವಾಪಸ್ ಬಂದೆವು.

ಗೈಡ್ ಜೊತೆ ಎಂಟೂವರೆಗೇ ಹೊರಡಿ. ಹತ್ತಕ್ಕೆ ಬಸ್ಸಿನ ಗುಂಪುಗಳು ಬರುವಷ್ಟರಲ್ಲಿ ಬೂ ಇನಾನಿಯಾ ಮದರಸಾ ಮುಗಿದಿರಬೇಕು. 14ನೇ ಶತಮಾನದ ಕಟ್ಟಡ. ಕೆಳಗೆ ಬಣ್ಣದ ಹೆಂಚು, ನಡುವೆ ಕೊರೆದ ಗಾರೆ, ಮೇಲೆ ದೇವದಾರಿನ ಮರ. ಕಣ್ಣು ಕೆಳಗಿನಿಂದ ಮೇಲಕ್ಕೆ ನಿಧಾನ ಹತ್ತಲಿ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಹೇಳುವ ಕರಾವಿಯ್ಯೀನ್ ಮಸೀದಿಗೆ ನಮಗೆ ಒಳಗೆ ಪ್ರವೇಶ ಇಲ್ಲ, ಬಾಗಿಲಿನಿಂದಲೇ ಇಣುಕಬೇಕು. ಮೊರಾಕ್ಕೊದ ಹೆಚ್ಚಿನ ಮಸೀದಿಗಳಲ್ಲಿ ಹೀಗೇ. ದೊಡ್ಡ ಅಪವಾದ ಕಾಸಾಬ್ಲಾಂಕಾದ ಹಸನ್ 2 ಮಸೀದಿ. ಅಲ್ಲಿ ನಿಗದಿತ ಹೊತ್ತಿಗೆ ಟಿಕೆಟ್ ಕೊಂಡು ಗೈಡ್ ಜೊತೆ ಎಲ್ಲರೂ ಹೋಗಬಹುದು.

ಚರ್ಮ ಹದಮಾಡುವ ಚೌವಾರಾ ಜಾಗವನ್ನು ಅಂಗಡಿಗಳ ತಾರಸಿಯಿಂದ ನೋಡಬೇಕು. ಮೆಟ್ಟಿಲಲ್ಲೇ ಕೈಗೆ ಪುದೀನಾ ಕಡ್ಡಿ ಕೊಡುತ್ತಾರೆ. ಯಾಕೆಂದು ಮೇಲೆ ಹೋದಮೇಲೆ ಗೊತ್ತಾಗುತ್ತದೆ. ಕೆಳಗೆ ಜೇನುಗೂಡಿನ ಹಾಗೆ ಕಲ್ಲಿನ ಗುಂಡಿಗಳು. ಬಿಳಿ ಗುಂಡಿಗಳಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ. ಚರ್ಮ ಮೆತ್ತಗಾಗುವುದು ಅದರಿಂದಲೇ. ಪಕ್ಕದವು ಹಳದಿ, ಕೆಂಪು, ಕಂದು ಬಣ್ಣದವು. ತೊಡೆಮಟ್ಟ ಇಳಿದ ಗಂಡಸರು ಚರ್ಮವನ್ನು ಕಾಲಲ್ಲಿ ತುಳಿಯುತ್ತಿರುತ್ತಾರೆ. ಅತ್ತೆ ಪುದೀನಾ ಮೂಗಿಗೆ ಒತ್ತಿಕೊಂಡು ಎರಡು ನಿಮಿಷ ನಿಂತು, "ಅವರಿಗೆ ಯಾರು ಪುದೀನಾ ಕೊಡ್ತಾರೆ?" ಅಂದರು. ಗೈಡ್‌ಗೆ ಅನುವಾದ ಮಾಡಿ ಹೇಳಿದೆ. ಅವನು ಉತ್ತರ ಕೊಡಲಿಲ್ಲ.

ಇದೇ ಫೆಸ್‌ನಲ್ಲಿ ಇಬ್ನ್ ಬತೂತ ತನ್ನ ಪ್ರವಾಸದ ಕಥೆ ಹೇಳಿ ಬರೆಸಿದ್ದು. 1304ರಲ್ಲಿ ತಾಂಜೀರ್‌ನಲ್ಲಿ ಹುಟ್ಟಿದವನು, 21ಕ್ಕೆ ಮನೆ ಬಿಟ್ಟವನು. ಅವನು ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಅಂತ ಬರೆಸಿದ್ದಾನೆ. ಬಾರಕೂರು, ಮಂಗಳೂರು ಕೂಡ ಅವನ ದಾರಿಯಲ್ಲಿದ್ದವು. ನಮ್ಮ ಗೈಡ್‌ಗೆ ಹೊನ್ನಾವರದ ವಿಷಯ ಹೇಳಿದ್ದೇ ತಡ, ಆಮೇಲೆ ಸಿಕ್ಕವರಿಗೆಲ್ಲ "ಇವರು ಇಬ್ನ್ ಬತೂತ ಹೋದ ಊರಿನವರು" ಅಂತ ಪರಿಚಯಿಸಿದ. ನಾವು ಶಿವಮೊಗ್ಗದವರು ಅಂತ ತಿದ್ದಲು ಹೋಗಲಿಲ್ಲ.

ಒಡೆದ ದಿನದ ಲಾಭ

ಫೆಸ್‌ನಿಂದ ಹತ್ತಕ್ಕೆ ನಿಧಾನವಾಗಿ ಹೊರಟೆವು. ಅದೇ ಮೊದಲ ಲಾಭ. ಇಫ್ರಾನ್ ದಾಟಿದ ಮೇಲೆ ಅಜ್ರೂ ಹತ್ತಿರ ದೇವದಾರು ಕಾಡು, ಅದರಲ್ಲಿ ಬಾಲವಿಲ್ಲದ ಕೋತಿಗಳು. ಕಡಲೆಕಾಯಿ ಕೊಡಬೇಡಿ, ಮಾರುವವರು ಎಷ್ಟೇ ಒತ್ತಾಯ ಮಾಡಲಿ. ಒಂದು ಮೈಲಿ ಮುಂದೆ ಹೋಗಿ ಯಾರೂ ಇಲ್ಲದ ಕಡೆ ನಿಲ್ಲಿಸಿ, ಕಾಡೊಳಗೆ ನಡೆಯಿರಿ. ಮಿದೆಲ್ತ್ ಸೇಬಿನ ಊರು. ಅಕ್ಟೋಬರ್‌ನಲ್ಲಿ ರಸ್ತೆಬದಿ ಪೂರ್ತಿ ಸೇಬಿನ ಪೆಟ್ಟಿಗೆ. ರಾತ್ರಿ ಚಳಿ, ಸ್ವೆಟರ್ ಮೇಲಿನ ಬ್ಯಾಗಿನಲ್ಲೇ ಇರಲಿ.

ಮರುದಿನ ಜೀಜ್ ಕಣಿವೆ. ಬೋಳು ಗುಡ್ಡಗಳ ನಡುವೆ ಕೆಳಗೆ ಒಂದು ಹಸಿರು ನದಿ ಹರಿದ ಹಾಗೆ ಕಾಣುತ್ತದೆ, ಅದು ಖರ್ಜೂರದ ತೋಟ. "ಅಯ್ಯೋ, ನಮ್ಮ ಅಡಿಕೆತೋಟ" ಅಂದರು ಅತ್ತೆ. ಡ್ರೈವರ್ ಗಾಡಿ ನಿಲ್ಲಿಸಿ ಬಾಗಿಲು ತೆರೆದು ಕೈಕೊಟ್ಟು, "ಹಜ್ಜಾ, ನಿಧಾನ" ಅಂದ. ಅತ್ತೆ ನನ್ನ ಕಡೆ ತಿರುಗಿ, "ನೋಡು, ಇವನಿಗೆ ಕನ್ನಡ ಬರತ್ತೆ. ಅಜ್ಜಿ ಅಂತಾನೆ." ಹಿರಿಯ ಹೆಂಗಸರನ್ನು ಅಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ, ಹಜ್ ಮುಗಿಸಿ ಬಂದವಳು ಅಂತ. ನಾನು ಬಿಡಿಸಿ ಹೇಳಿದೆ. ಅವರು ಒಪ್ಪಲಿಲ್ಲ. ಉಳಿದ ಎಂಟು ದಿನವೂ ಅವನ ಜೊತೆ ಕನ್ನಡದಲ್ಲೇ ಮಾತಾಡಿದರು.

ಮಂಗಳವಾರ, ಗುರುವಾರ ಅಥವಾ ಭಾನುವಾರ ರಿಸ್ಸಾನಿ ದಾಟುವ ಹಾಗೆ ಲೆಕ್ಕ ಹಾಕಿಕೊಳ್ಳಿ, ಅವು ಸಂತೆಯ ದಿನ. ಸಂತೆಯ ಬಯಲಿನಲ್ಲಿ ಕತ್ತೆಗಳಿಗೇ ಒಂದು ಪಾರ್ಕಿಂಗ್ ಇದೆ. ಎರ್ಫೂದ್‌ನಲ್ಲಿ ಕಲ್ಲಾದ ಪ್ರಾಚೀನ ಜೀವಿಗಳ ಅಂಗಡಿಗಳು ಸಾಲಾಗಿವೆ. ನೋಡಿ, ಕೊಳ್ಳುವಾಗ ಹುಷಾರು, ಅಂಟು-ಪುಡಿಯಲ್ಲಿ ಅಚ್ಚುಹೊಯ್ದವೂ ಇರುತ್ತವೆ.

ಮರಳಿನಲ್ಲಿ ಎರಡು ರಾತ್ರಿ

ಮೆರ್ಜೂಗದ ಪಕ್ಕದ ಎರ್ಗ್ ಶೆಬ್ಬಿಯ ದಿಬ್ಬಗಳು 150 ಮೀಟರ್‌ವರೆಗೂ ಏಳುತ್ತವೆ. ಬಣ್ಣ ಬೆಳಿಗ್ಗೆ ಬೆಲ್ಲದ್ದು, ಮಧ್ಯಾಹ್ನ ಬಿಳಚು, ಸಂಜೆ ಕುಂಕುಮಕ್ಕೆ ಹತ್ತಿರ.

ಬುಕ್ ಮಾಡುವಾಗ ಕೇಳಬೇಕಾದ ಒಂದೇ ಪ್ರಶ್ನೆ: ಕ್ಯಾಂಪ್ ದಿಬ್ಬಗಳ ಒಳಗಿದೆಯೋ, ಅಂಚಿನಲ್ಲೋ? ಅಂಚಿನಲ್ಲಿದ್ದರೆ ಪಕ್ಕದ ಹೋಟೆಲಿನ ಜನರೇಟರ್ ಸದ್ದು ಕೇಳುತ್ತದೆ. ಒಂದು ರಾತ್ರಿ ಒಳಗಿನ ಕ್ಯಾಂಪ್, ಇನ್ನೊಂದು ರಾತ್ರಿ ಅಂಚಿನ ಗೆಸ್ಟ್‌ಹೌಸ್ ಅಂತ ನಾವು ಮಾಡಿದ್ದು ಸರಿಯಾಯಿತು. ಎರಡನೇ ದಿನ ಬಿಸಿನೀರಲ್ಲಿ ತಲೆಸ್ನಾನ ಮಾಡಬೇಕು ಅನ್ನಿಸಿಯೇ ಅನ್ನಿಸುತ್ತದೆ.

ಒಂಟೆಗೆ ಒಂದೇ ಡುಬ್ಬ. ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಆದ್ದರಿಂದ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಹಿಡಿಕೆ ಬಿಗಿಯಾಗಿ ಹಿಡಿದು ಹಿಂದಕ್ಕೆ ಒರಗಿ. ಮುಕ್ಕಾಲು ಗಂಟೆಯ ಸವಾರಿ ಸಾಕು. ಒಂದೂವರೆ ಗಂಟೆಯದು ಫೋಟೊದಲ್ಲಿ ಚೆಂದ, ಮರುದಿನ ತೊಡೆಗೆ ಅಲ್ಲ. ಜೀನ್ಸ್ ಬೇಡ, ಸಡಿಲ ಪ್ಯಾಂಟ್ ಹಾಕಿ. ಫೋನ್, ಕ್ಯಾಮೆರಾಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ. ನಮ್ಮ ಮನೆಯವರು "ಏನೂ ಆಗಲ್ಲ" ಅಂದಿದ್ದರು. ಅವರ ಲೆನ್ಸ್ ತಿರುಗಿಸಿದರೆ ಇವತ್ತಿಗೂ ಕರಕರ ಅನ್ನುತ್ತದೆ.

ಎರಡನೇ ದಿನ ಖಾಲಿ ಇಟ್ಟುಕೊಳ್ಳಿ. ಬೇಕಿದ್ದರೆ ಖಮ್ಲಿಯಾ ಹಳ್ಳಿಗೆ ಹೋಗಿ ಗ್ನಾವಾ ಸಂಗೀತ ಕೇಳಿ. ಸಹಾರಾದ ದಕ್ಷಿಣದಿಂದ ಗುಲಾಮರಾಗಿ ಬಂದವರ ವಂಶದವರು ಉಳಿಸಿಕೊಂಡ ಹಾಡು. ಕಬ್ಬಿಣದ ದೊಡ್ಡ ತಾಳ ಕುಟ್ಟುತ್ತ ಒಂದೇ ಲಯವನ್ನು ಬಿಡದೆ ಹಿಡಿಯುತ್ತಾರೆ.

ಮಣ್ಣಿನ ಕೋಟೆಗಳ ದಾರಿ

ಮೆರ್ಜೂಗದಿಂದ ಪಶ್ಚಿಮಕ್ಕೆ ಹೊರಟಾಗ, ಎರ್ಫೂದ್ ದಾಟಿ ಸ್ವಲ್ಪ ಹೊತ್ತಿಗೆ ಎಡಬಲ ಹುತ್ತದ ಸಾಲು ಕಾಣುತ್ತದೆ. ಬಹುತೇಕ ಬಸ್ಸುಗಳು ನಿಲ್ಲಿಸುವುದಿಲ್ಲ. ನೀವು ನಿಲ್ಲಿಸಿ. ಹುತ್ತವಲ್ಲ, ಖೆತ್ತಾರಾ: ನೆಲದಡಿ ಸುರಂಗ ತೋಡಿ ಬೆಟ್ಟದ ಬುಡದ ನೀರನ್ನು ಇಳಿಜಾರಿನಲ್ಲಿ ಹಳ್ಳಿಗೆ ತರುವ ಏರ್ಪಾಡು. ಸುರಂಗ ತೋಡಲು, ಹೂಳೆತ್ತಲು ಬಿಟ್ಟ ಬಾವಿಗಳ ಬಾಯಿಯೇ ಆ ದಿಬ್ಬಗಳು. ನಮ್ಮ ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ, ಅದೇ ವಿದ್ಯೆ.

ತೋದ್ರಾ ಕಮರಿಯಲ್ಲಿ ಎರಡೂ ಕಡೆ 300 ಮೀಟರ್ ಬಂಡೆ, ನಡುವೆ ಪಾದ ನೆನೆಯುವಷ್ಟು ನೀರು. ಊಟದ ಹೊತ್ತಿಗೆ ಜನಜಾತ್ರೆ, ಸಂಜೆ ನಾಲ್ಕರ ಮೇಲೆ ಚೆನ್ನ. ಮುಂದೆ ಗುಲಾಬಿ ಬೆಳೆಯುವ ಕೆಲಾ ಮಗೂನಾ; ಏಪ್ರಿಲ್-ಮೇ ತಿಂಗಳಾದರೆ ಮಾತ್ರ ಹೂವು.

ಐತ್ ಬೆನ್‌ಹದ್ದುವಿನಲ್ಲಿ ರಾತ್ರಿ ಉಳಿಯಿರಿ ಅಂತ ನಾನು ಒತ್ತಿ ಹೇಳುತ್ತೇನೆ. ಎಲ್ಲರೂ ಮಧ್ಯಾಹ್ನ ಬಂದು ಎರಡು ಗಂಟೆಯಲ್ಲಿ ಓಡುತ್ತಾರೆ. ಕೆಮ್ಮಣ್ಣು, ಹುಲ್ಲು ಕಲಸಿ ಕುಟ್ಟಿ ಕಟ್ಟಿದ ಗುಡ್ಡದೂರು, 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸಿನಿಮಾದವರಿಗೆ ಅಚ್ಚುಮೆಚ್ಚಿನ ಜಾಗ. ಬೆಳಿಗ್ಗೆ ಏಳಕ್ಕೆ ನಾನು ಅಕ್ಕ ಇಬ್ಬರೇ ಹೊಳೆ ದಾಟಿ ಹತ್ತಿದೆವು. ಒಬ್ಬಾತ ಗೋಡೆಗೆ ಮಣ್ಣು ಮೆತ್ತುತ್ತಿದ್ದ. ಅಂಗೈಯಿಂದ ಸವರುವಾಗ ಬೆರಳಿನ ಗೆರೆ ಉಳಿಯುತ್ತಿತ್ತು, ನಮ್ಮಲ್ಲಿ ಸಗಣಿ ಸಾರಿಸಿದ ನೆಲದಲ್ಲಿ ಉಳಿಯುವ ಹಾಗೆ. ಮಳೆ ಬಂದರೆ ತೊಳೆದುಹೋಗುತ್ತದೆ, ಮತ್ತೆ ಮೆತ್ತುತ್ತೇವೆ ಅಂತ ಕೈಸನ್ನೆಯಲ್ಲೇ ಹೇಳಿದ.

ಅಲ್ಲಿಂದ ತಿಜಿ ನ್ ತಿಶ್ಕಾ ಘಾಟಿ, 2260 ಮೀಟರ್. ಆಗುಂಬೆ ತಿರುವಿಗೆ ವಾಂತಿ ಮಾಡುವವರು ಮಾತ್ರೆ ನುಂಗಿ, ಮುಂದಿನ ಸೀಟಿನಲ್ಲಿ ಕೂರಿ.

ಮರಾಕೇಶ್

ಇದೊಂದು ಊರು ನನಗೆ ಅಷ್ಟು ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ಹತ್ತು ದಿನ ಮೌನದಲ್ಲಿದ್ದು ಬಂದವರಿಗೆ ಸ್ಕೂಟರ್ ಸದ್ದೇ ಸಾಕಾಗುತ್ತದೆ. ಅತ್ತೆಗೆ ಮಾತ್ರ ಬಹಳ ಇಷ್ಟವಾಯಿತು.

ಜೆಮಾ ಎಲ್ ಫ್ನಾ ಚೌಕಕ್ಕೆ ಸಂಜೆ ಸೂರ್ಯ ಮುಳುಗುವ ಮೊದಲೇ ಹೋಗಿ ಒಂದು ತಾರಸಿ ಹಿಡಿಯಿರಿ. ಹೊಗೆ ಏಳುವುದು, ದೀಪ ಹತ್ತುವುದು, ಕಥೆ ಹೇಳುವವರ ಸುತ್ತ ವೃತ್ತ ಕಟ್ಟುವುದು ಎಲ್ಲ ಮೇಲಿನಿಂದ ಕಾಣುತ್ತದೆ. ಕೆಳಗಿಳಿದ ಮೇಲೆ ಹಾವು, ಕೋತಿ ಇಟ್ಟುಕೊಂಡವರ ಕಡೆ ಕ್ಯಾಮೆರಾ ಎತ್ತಬೇಡಿ, ದುಡ್ಡು ಕೇಳುತ್ತಾರೆ. ಮೆಹಂದಿಯವರು ಕೇಳದೆಯೇ ಕೈ ಹಿಡಿದು ಗೆರೆ ಎಳೆದುಬಿಡುತ್ತಾರೆ, ಕೈ ಜೇಬಿನಲ್ಲಿರಲಿ. ಮಜೊರೆಲ್ ತೋಟಕ್ಕೆ ಆನ್‌ಲೈನ್ ಟಿಕೆಟ್ ಮೊದಲೇ ತೆಗೆದುಕೊಳ್ಳಿ, ಬಾಗಿಲಲ್ಲಿ ಹೋಗಿ ಕೇಳಿದರೆ ಆಗುವುದಿಲ್ಲ. ಬಹಿಯಾ ಅರಮನೆ, ಬೆನ್ ಯೂಸೆಫ್ ಮದರಸಾ ಗೈಡ್ ಜೊತೆ ಒಂದು ಬೆಳಿಗ್ಗೆಗೆ ಆಗುತ್ತವೆ.

2023ರ ಸೆಪ್ಟೆಂಬರ್ 8ರ ಭೂಕಂಪ ಈ ಊರಿನ ದಕ್ಷಿಣದ ಬೆಟ್ಟದ ಹಳ್ಳಿಗಳನ್ನು ನೆಲಸಮ ಮಾಡಿತ್ತು. ಆ ಕಡೆಯ ಹಳ್ಳಿಗಳಿಗೆ ಹೋಗುವುದಾದರೆ ಅಲ್ಲಿಯ ಗೈಡ್‌ನನ್ನೇ ಕರೆದುಕೊಳ್ಳಿ, ಅವರ ಮನೆಯಲ್ಲೇ ಊಟ ಮಾಡಿ. ಬಿದ್ದ ಮನೆಗಳ ಫೋಟೊ ಬೇಡ.

ಕಡಲಿಗೆ ಕೊನೆ

ಎಸವೀರಾವನ್ನು ಕೊನೆಗೆ ಇಡುವುದಕ್ಕೆ ಕಾರಣ ಇದೆ. ಎರಡು ವಾರ ಓಡಾಡಿದ ಮೈಗೆ ಅಲ್ಲಿ ಮಾಡಲು ಏನೂ ಕೆಲಸ ಇಲ್ಲ. ಮರಾಕೇಶ್‌ನಿಂದ ಮೂರು ಗಂಟೆ. ದಾರಿಯಲ್ಲಿ ಮರದ ಮೇಲೆ ಮೇಕೆಗಳು ನಿಂತಿರುತ್ತವೆ. ಅರ್ಗಾನ್ ಮರಕ್ಕೆ ಮೇಕೆ ಹತ್ತುವುದು ನಿಜ. ಆದರೆ ರಸ್ತೆಬದಿಯಲ್ಲಿ ಅಲುಗಾಡದೆ ನಿಂತವನ್ನು ಟೂರಿಸ್ಟರಿಗಾಗಿ ಯಾರೋ ಹತ್ತಿಸಿ ನಿಲ್ಲಿಸಿರುತ್ತಾರೆ. ಹಾಗೇ ಮುಂದೆ ಹೋಗಿ.

ಊರು ಬಿಳಿ-ನೀಲಿ. 18ನೇ ಶತಮಾನದ ಕೋಟೆಗೋಡೆಯ ಮೇಲೆ ಸಾಲು ಫಿರಂಗಿ, ಬಂದರಿನಲ್ಲಿ ನೀಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಗಾಳಿ ಮಾತ್ರ ಬಿಡುವುದೇ ಇಲ್ಲ, ಟೋಪಿಗೆ ದಾರ ಕಟ್ಟಿಕೊಳ್ಳಿ. ಅಟ್ಲಾಂಟಿಕ್ ನೀರು ನಮ್ಮ ಗೋಕರ್ಣದ ಹಾಗೆ ಬೆಚ್ಚಗಿರುವುದಿಲ್ಲ. ಅತ್ತೆ ಸೀರೆ ಎತ್ತಿ ಎರಡು ಹೆಜ್ಜೆ ಇಟ್ಟವರು, ಕೂಗಿಕೊಂಡು ಮೂರು ಹೆಜ್ಜೆ ಹಿಂದೆ ಬಂದರು.

ಕೊನೆಯ ದಿನ ಕಾಸಾಬ್ಲಾಂಕಾಕ್ಕೆ ಐದು-ಆರು ಗಂಟೆಯ ದಾರಿ. ರಾತ್ರಿ ವಿಮಾನವಾದರೆ ನಡುವೆ ಹಸನ್ 2 ಮಸೀದಿ ನೋಡಲು ಸಮಯ ಸಿಗಬಹುದು. 210 ಮೀಟರ್ ಮಿನಾರು, ಅರ್ಧ ಕಡಲ ಮೇಲೆಯೇ ಕಟ್ಟಿದ ಹಾಗೆ ನಿಂತಿದೆ. ಶುಕ್ರವಾರ ಹೊರಗಿನವರಿಗೆ ಒಳಗೆ ಬಿಡುವ ಹೊತ್ತು ಕಡಿಮೆ, ನೋಡಿಕೊಳ್ಳಿ.

ಡ್ರೈವರ್‌ಗೆ ಕೊಡುವ ಟಿಪ್ಸ್ ಅನ್ನು ಲಕೋಟೆಯಲ್ಲಿ ಹಾಕಿ, ಏರ್‌ಪೋರ್ಟ್ ತಲುಪುವ ಮೊದಲೇ ಕೊಡಿ. ಇಳಿಯುವ ಗಡಿಬಿಡಿಯಲ್ಲಿ ಸರಿಯಾಗಿ ಮಾತಾಡಲು ಆಗುವುದಿಲ್ಲ. ನಮ್ಮವನಿಗೆ ಲಕೋಟೆಯ ಜೊತೆ ಅತ್ತೆ ಉಳಿದ ಅರ್ಧ ಡಬ್ಬಿ ಮೆಣಸಿನಪುಡಿಯನ್ನೂ ಕೊಟ್ಟು, ಹೇಗೆ ತಿನ್ನಬೇಕು ಅಂತ ಕನ್ನಡದಲ್ಲೇ ಹೇಳಿದರು. ಅವನು "ವಾಖಾ, ಹಜ್ಜಾ" ಅಂತ ತಲೆಯಾಡಿಸಿದ. ಆಯ್ತು ಅಜ್ಜಿ ಅಂದ ಹಾಗೇ.

ಮಿಕ್ಕ ದಿರ್ಹಮ್‌ಗಳನ್ನು ಅಲ್ಲೇ ಬದಲಿಸಿಬಿಡಿ, ಹಣ ಬದಲಿಸಿದ ರಸೀದಿ ಇಟ್ಟುಕೊಂಡಿದ್ದರೆ ಸಲೀಸು. ನಾನು ಮರೆತೆ. 200ರ ಒಂದು ನೋಟು ನಮ್ಮ ದೇವರಮನೆಯ ಡ್ರಾಯರ್‌ನಲ್ಲಿ ಇನ್ನೂ ಇದೆ.